ರಸಮಟ್ಟ

ಗಾರೆಯವನು ಬಂದ, ಬಾಗಿಲಲ್ಲೇ ನಿಂತು ಶಿಳ್ಳೆ ಹಾಕಿದ,
ಮೂರು ತಿಂಗಳ ಸಂಬಳ ಹೇಳಿದ, ಚಹಾ ಮುಗಿಸಿ ಹೋದ.
ಅಂದೇ ರಾತ್ರಿ ಬೊಗ್ನಾ ಸುತ್ತಿಗೆ ಹಿಡಿದಳು.

ತೋರೂನ್ ಊರಲ್ಲಿ ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು;
ಯಾರೋ ಹಾಕಿಟ್ಟ ಕಂಬಿಯ ಮೇಲೆ
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ,
ಹೋಗು, ಇಲ್ಲವೆ ನಿಲ್ಲು, ಅಷ್ಟೆ.
ಈಗ ಮೊದಲ ಗೆರೆ ತಾನೇ ಎಳೆಯಬೇಕು.
ಎಲ್ಲಿಂದ?

ಹಳೆಯ ಬಿಲ್ಲೆಗಳು ಗುಲಾಬಿ. ಕೆಲವು ಮುಟ್ಟಿದರೆ ಕಳಚಿದವು
ಹಾಲುಹಲ್ಲಿನ ಹಾಗೆ,
ಕೆಲವು ಗೋಡೆಯ ಮಾಂಸ ಕಚ್ಚಿಕೊಂಡೇ ಬಂದವು.
ಮೂವತ್ತೊಂದು ಚೀಲ. ನಾಲ್ಕನೇ ಮಹಡಿ. ಲಿಫ್ಟಿಲ್ಲ.
ಮಣಿಕಟ್ಟು ಊದಿ, ಮರುದಿನ ಬ್ರೇಕಿನ ಹಿಡಿ
ಬೇರೆ ಯಾರದೋ ಕೈಯಲ್ಲಿದ್ದ ಹಾಗಿತ್ತು.

ನೆಲಕ್ಕೆ ರಸಮಟ್ಟ ಇಟ್ಟು ನೋಡಿದಳು:
ಗುಳ್ಳೆ ಬಾಗಿಲ ಕಡೆ ಓಡಿತು.
ತಿರುಗಿಸಿ ಇಟ್ಟಳು; ಮತ್ತೆ ಬಾಗಿಲ ಕಡೆಗೇ.
ಗೋಡೆಗೆ ತೂಗುಗುಂಡು ಇಳಿಬಿಟ್ಟಳು:
ಹತ್ತೊಂಬತ್ತು ವರ್ಷ ನೆಟ್ಟಗಿದೆಯೆಂದು ನಂಬಿ
ಬೆನ್ನು ಒರಗಿಸಿದ ಗೋಡೆ
ಎರಡು ಬೆರಳು ಸೊಟ್ಟ.
ಮೂಲೆಮಟ್ಟ ಯಾವ ಮೂಲೆಗೂ ಕೂರಲಿಲ್ಲ.
ಕಟ್ಟಿದವರಿಗೆ ಅವಸರ, ಅಂದಿನ ಸರಕಾರಕ್ಕೆ
ಮನೆಗಳ ಎಣಿಕೆ ಬೇಕಿತ್ತು, ಮೂಲೆಗಳದ್ದಲ್ಲ.

ಅಂಟು ಕಲಸುವುದು ಚೀಲದ ಮೇಲೆ ಬರೆದಷ್ಟು ಸುಲಭವಲ್ಲ.
ಮೊದಲ ಬಕೆಟ್ಟು ಅಂಬಲಿ, ಎರಡನೆಯದು ಕಲ್ಲು,
ಮೂರನೆಯದಕ್ಕೆ ಕೈ ಪಳಗಿತು.
ಹಲ್ಲಿನ ಕರಣೆ ಎಳೆದರೆ
ಒದ್ದೆ ತಲೆ ಬಾಚಿದ ಹಾಗೆ ಗೆರೆ ನಿಂತವು.

ಬಿಲ್ಲೆಗೂ ಬಿಲ್ಲೆಗೂ ನಡುವೆ ಸಿಕ್ಕಿಸುವ
ಪ್ಲಾಸ್ಟಿಕ್ಕಿನ ಪುಟ್ಟ ಶಿಲುಬೆಗಳು
ಎಲ್ಲೆಲ್ಲೂ. ಅಂಗಿಯ ಮಡಿಕೆಯಲ್ಲಿ, ಸೂಪಿನ ತಟ್ಟೆಯಲ್ಲಿ.
ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಗೆಂದು
ಜೇಬಿಗೆ ಕೈ ಹಾಕಿದರೆ
ನಾಣ್ಯದ ಜತೆ ನಾಲ್ಕು ಶಿಲುಬೆ ಬಿದ್ದವು.
ತಟ್ಟೆ ಹಿಡಿದ ಹುಡುಗ ಅವಳ ಮುಖ ನೋಡಿದ.
‘ಎರಡು ಮಿಲಿಮೀಟರಿನವು’ ಎಂದಳು ಮೆಲ್ಲಗೆ,
ಬೇರೇನೂ ತೋಚದೆ.

ಸ್ನಾನ?
ಕೆಳಗಿನ ಮನೆಯ ಝೆನೋನ್ ಜತೆ ಒಂಬತ್ತು ವರ್ಷದಿಂದ ಮಾತಿಲ್ಲ.
ಅಂದು ಇವಳ ಕೊಳವೆ ಒಡೆದು ಅವನ ಚಾವಣಿ ನೆಂದಿತ್ತು,
‘ನನ್ನದಲ್ಲ’ ಎಂದುಬಿಟ್ಟಿದ್ದಳು.
ಆರನೇ ದಿನ, ಕೂದಲಲ್ಲಿ ಸಿಮೆಂಟು, ಹೆಗಲಿಗೆ ಟವೆಲ್ಲು,
ಹೋಗಿ ಬಾಗಿಲು ತಟ್ಟಿದಳು.
ಅವನು ಏನೂ ಕೇಳದೆ ದಾರಿ ಬಿಟ್ಟ.
‘ಬಿಸಿನೀರು ಎಡಗಡೆ’ ಅಂದ.
ಆ ಕಟ್ಟಡದ ಎಲ್ಲ ಮನೆಯಲ್ಲೂ ಎಡಗಡೆಯೇ.

ತೊಟ್ಟಿಯಲ್ಲಿ ಮಲಗಿ ಮೇಲೆ ನೋಡಿದರೆ
ಕಲೆ.
ಕಂದು ಅಂಚು, ನಡುವೆ ಹಳದಿ, ಒಂದು ಕಡೆ ಬಾಲ.
ಅವನು ಬಣ್ಣ ಹೊಡೆಸಿರಲಿಲ್ಲ.
ತನ್ನ ನೆಲವನ್ನು ಅಡಿಯಿಂದ ನೋಡಿದ್ದು
ಅವಳು ಅದೇ ಮೊದಲು.
ನೀರು ತಣ್ಣಗಾಗುವವರೆಗೂ ನೋಡಿದಳು.

ಮರುದಿನ ನೆಲಕ್ಕೆ ನೀರು ತಡೆಯುವ ಬಣ್ಣ:
ಎರಡು ಸಲ ಸಾಕೆಂದಿತು ಡಬ್ಬಿ,
ನಾಲ್ಕು ಸಲ ಬಳಿದಳು.
ಗೋಡೆಗಾದರೆ ಮಟ್ಟ ಸಾಕು, ನೆಲಕ್ಕೆ ವಾಟ ಬೇಕು;
ಎಲ್ಲೋ ಒಂದು ಕಡೆ ತಗ್ಗಬೇಕು,
ಎಲ್ಲಿ ಎಂದು ಮೊದಲೇ ಗೊತ್ತಿರಬೇಕು.

ಒಣಗಲು ಬಿಟ್ಟ ವಾರ ಕಳೆದು ಕೆಳಗಿಳಿದು ಹೇಳಿದಳು:
ನಾಳೆ ಏಳಕ್ಕೆ ನೀರು ಬಿಡುತ್ತೇನೆ.
‘ಚಮಚದಲ್ಲಿ ಕೊಳವೆಗೆ ಬಡಿಯುತ್ತೇನೆ’ ಅಂದ ಝೆನೋನ್.
‘ಒಂದು ಅಂದರೆ ನಿಲ್ಲಿಸು.
ಎರಡು ಅಂದರೆ ಒಣಗಿದೆ.’

ಏಳು ಗಂಟೆ. ತಿರುಪಿದಳು.
ನೀರು ನೆಲದ ಮೇಲೆ ಒಂದು ಕ್ಷಣ ಯೋಚಿಸಿತು,
ಆಮೇಲೆ ಜಾಲರಿಯ ಕಡೆ ಹೊರಟಿತು.
ಕಮೋಡಿನ ಹಿಂದೆ ಅಂಗೈಯಷ್ಟು ಮಾತ್ರ
ಹಟಮಾಡಿ ನಿಂತಿತು. ನಿಲ್ಲಲಿ.
ಬರಿಗಾಲಲ್ಲಿ ಕಾದಳು. ಐದು ನಿಮಿಷ. ಹತ್ತು.

ಟಣ್.

ಕೈ ನಲ್ಲಿಯ ಮೇಲೆಯೇ ಇತ್ತು.

ಟಣ್.

ಇನ್ನೇನು ಟವೆಲ್ಲಿಗೆ ಕೈ ಚಾಚಬೇಕು,
ಟಣ್ ಎಂದಿತು ಮೂರನೆಯದು.
ಮೂರಕ್ಕೆ ಏನೆಂದು
ಅವರು ಮಾತಾಡಿಕೊಂಡಿರಲಿಲ್ಲ.